ಟಂಕಸಾಲೆಯ ಖರ್ಚು ಯಾರ ತಲೆಯ ಮೇಲೆ?

ಪ್ರಶ್ನೆ: ನಾನು ದಾವಣಗೆರೆಯವನು, ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಶಿಯರ್. ಈಚೆಗೆ ಮನೆಮಂದಿಯನ್ನೆಲ್ಲ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಟಂಕಸಾಲೆ ಎಂದು ತೋರಿಸಿದ ಕಡೆ ಮಣ್ಣಿನ ಗೋಡೆಗಳಷ್ಟೇ ನಿಂತಿವೆ. ಮಗಳು ಅಲ್ಲೇ ಕೇಳಿದಳು: "ಅಪ್ಪಾ, ದುಡ್ಡು ಮಾಡೋ ಜಾಗ ರಾಜನ ಕೋಟೆಯೊಳಗೇ ಇತ್ತಲ್ಲ, ಮತ್ತೆ ಅವನಿಗೆ ದುಡ್ಡಿಲ್ಲ ಅನ್ನೋ ಕಷ್ಟ ಯಾಕೆ ಬರಬೇಕು? ಬೇಕಾದಾಗ ಅಚ್ಚು ಹಾಕ್ಕೊಂಡ್ರೆ ಆಯ್ತು." ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಟಂಕಸಾಲೆಯ ಉಸ್ತುವಾರಿ ಯಾರದಿರುತ್ತಿತ್ತು? ಅದರ ಖರ್ಚು ಎಲ್ಲಿಂದ ಹುಟ್ಟುತ್ತಿತ್ತು? ಲಾಭ ಇತ್ತೇ? ಇನ್ನೊಂದು, ನಮ್ಮಜ್ಜಿಯ ಪೆಟ್ಟಿಗೆಯಲ್ಲಿ ಆನೆಯ ಚಿತ್ರದ ತಾಮ್ರದ ನಾಣ್ಯ ಸಿಕ್ಕಿದೆ. ಅದು ದುರ್ಗದ್ದೇ ಇರಬಹುದೇ?

ಉತ್ತರ: ಮಗಳ ಪ್ರಶ್ನೆಯನ್ನೇ ಮೊದಲು ಹಿಡಿಯೋಣ. ಅದು ಬಿಡಿಸಿಕೊಂಡರೆ ನಿಮ್ಮ ಪ್ರಶ್ನೆಗಳ ಗಂಟೂ ಸಡಿಲವಾಗುತ್ತದೆ.

ನೀವು ದಿನಾ ಎಣಿಸುವ ಐನೂರರ ನೋಟಿನಲ್ಲಿ ಕಾಗದದ ಬೆಲೆ ಲೆಕ್ಕಕ್ಕೇ ಇಲ್ಲ. ಅಂದಿನ ವರಹದ ಕಥೆ ಬೇರೆ, ಅದರ ಬೆಲೆಯ ಬಹುಪಾಲು ಅದರೊಳಗಿನ ಚಿನ್ನದ್ದೇ. ಒಂದು ವರಹ ಸುಮಾರು 3.4 ಗ್ರಾಂ ತೂಗುತ್ತಿತ್ತು. ಸಾವಿರ ವರಹ ಅಚ್ಚು ಹಾಕಬೇಕೆಂದರೆ ಮೂರು ಕಿಲೋಗೂ ಮೀರಿದ ಚಿನ್ನ ಎಲ್ಲಿಂದಲಾದರೂ ಬಂದು ಟಂಕಸಾಲೆಯ ಬಾಗಿಲಲ್ಲಿ ಇಳಿಯಬೇಕು. ಮುದ್ರೆ ಒತ್ತುವ ಹಕ್ಕು ರಾಜನದಾಗಿತ್ತು. ಚಿನ್ನ ಹುಟ್ಟಿಸುವುದು ಅವನ ಕೈಯಲ್ಲಿರಲಿಲ್ಲ. ನಮ್ಮ ಕಡೆಯ ಹಿಟ್ಟಿನ ಗಿರಣಿಯ ಲೆಕ್ಕ ಇದು: ಜೋಳ ತಂದವರದು, ಬೀಸಿದ ಕೂಲಿ ಗಿರಣಿಯವನದು, ತೂಕದಲ್ಲಿ ಒಂದಿಷ್ಟು ಕಡಿಮೆ ಬಂದರೆ ಅದೂ ಗಿರಣಿಯವನದೇ.

ಹಾಗಾದರೆ ಈ ಗಿರಣಿಗೆ ಚಿನ್ನ ತರುತ್ತಿದ್ದವರು ಯಾರು? ಮುಖ್ಯವಾಗಿ ಇಬ್ಬರು. ಒಬ್ಬರು ವ್ಯಾಪಾರಿಗಳು, ಮತ್ತೆ ಸರಾಫರು, ಅಂದರೆ ನಾಣ್ಯ, ಚಿನ್ನ ಬೆಳ್ಳಿ ಕೊಂಡು ಮಾರಿ ಬದಲಾಯಿಸಿ ಕೊಡುವವರು. ಅವರು ಗಟ್ಟಿ ಚಿನ್ನ, ಹೊರದೇಶದ ನಾಣ್ಯ, ಸವೆದ ಹಳೆಯ ಹಣ ತಂದು ಹೊಸ ನಾಣ್ಯ ಮಾಡಿಸಿಕೊಳ್ಳುತ್ತಿದ್ದರು. ಇನ್ನೊಬ್ಬರು ಅರಮನೆಯವರೇ, ಅಂದರೆ ಕಂದಾಯವಾಗಿ, ಕಪ್ಪವಾಗಿ, ಕೊಳ್ಳೆಯಾಗಿ ಬಂದ ಲೋಹ.

ಅರಮನೆಯ ಲೋಹ ಟಂಕಸಾಲೆಯ ಮೂಲಕ ಹೇಗೆ ಹರಿಯುತ್ತಿತ್ತು ಎಂಬುದಕ್ಕೆ ನಮಗೆ ಒಳ್ಳೆಯ ಸಾಕ್ಷಿ ವಿಜಯನಗರದ್ದು. ದುರ್ಗದ ನಾಯಕರು ಬೆಳೆದದ್ದೂ ಆ ಸಾಮ್ರಾಜ್ಯದ ನೆರಳಲ್ಲೇ. 1443ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ, ಹೆರಾತಿನ ದೊರೆ ಷಾ ರುಖ್‌ನ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. ಅವನು ವರಹವನ್ನು ಕಂಡ, ಅದರ ಅರ್ಧ ಬೆಲೆಯ ಪ್ರತಾಪವನ್ನು ಕಂಡ, ಪ್ರತಾಪದ ಹತ್ತರಲ್ಲೊಂದು ಪಾಲಾದ ಪಣವನ್ನು ಕಂಡ. ಬೆಳ್ಳಿಯ ತಾರ ಪಣದ ಆರನೆಯ ಒಂದು ಭಾಗ, ತಾಮ್ರದ ಜಿತಲ್ ತಾರದ ಮೂರನೆಯ ಒಂದು ಭಾಗ ಎಂದೂ ಬರೆದಿಟ್ಟ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಪಣ ಎಂದು ಅವನ ಮಾತು. ಅದಕ್ಕಿಂತ ಮುಖ್ಯವಾದ ಸಂಗತಿ ಮುಂದಿದೆ. ಎಲ್ಲ ಪ್ರಾಂತಗಳಿಂದಲೂ ಗೊತ್ತಾದ ಕಾಲಕ್ಕೆ ಚಿನ್ನ ಟಂಕಸಾಲೆಗೆ ಬರುತ್ತದೆ, ಸರ್ಕಾರದಿಂದ ಯಾರಿಗೆ ಹಣ ಸಲ್ಲಬೇಕೋ ಅವರಿಗೆ ಟಂಕಸಾಲೆಯ ಮೇಲೆಯೇ ಚೀಟಿ ಹೊರಡುತ್ತದೆ, ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಅಲ್ಲಿಂದಲೇ ಸಂದಾಯವಾಗುತ್ತದೆ ಎಂದು ಅವನು ಹೇಳುತ್ತಾನೆ. ಕ್ಯಾಶಿಯರ್ ಆದ ನಿಮಗೆ ಇದು ಬೇಗ ಹೊಳೆದೀತು. ವಿಜಯನಗರದ ಟಂಕಸಾಲೆ ಬರೀ ನಾಣ್ಯ ಅಚ್ಚು ಹಾಕುವ ಕಮ್ಮಟವಾಗಿರಲಿಲ್ಲ, ಸಾಮ್ರಾಜ್ಯದ ಕ್ಯಾಶ್ ಕೌಂಟರ್ ಕೂಡ ಅದೇ ಆಗಿತ್ತು. ಜಮೆ ಲೋಹದ ರೂಪದಲ್ಲಿ, ಖರ್ಚು ನಾಣ್ಯದ ರೂಪದಲ್ಲಿ. ಟಂಕಸಾಲೆಯ ಎದುರಿಗೆ ನಗರದ ಕೊತ್ವಾಲನ ಕಚೇರಿ ಇತ್ತು, ಅಲ್ಲಿನ ಹನ್ನೆರಡು ಸಾವಿರ ಕಾವಲುಗಾರರ ಸಂಬಳ ದಿನಕ್ಕೆ ಹನ್ನೆರಡು ಸಾವಿರ ಪಣ, ಅದು ವೇಶ್ಯಾವಾಟಿಕೆಗಳ ತೆರಿಗೆಯಿಂದ ಹುಟ್ಟುತ್ತಿತ್ತು ಎಂದೂ ಅವನೇ ಬರೆದಿದ್ದಾನೆ. ಆ ಅಂಕಿಯನ್ನು ನಾನು ಅಕ್ಷರಶಃ ನಂಬುವುದಿಲ್ಲ. ಪ್ರವಾಸಿಗಳಿಗೆ ಸಾವಿರಗಳ ಮೇಲೆ ಪ್ರೀತಿ ಜಾಸ್ತಿ. ಆದರೆ ಇಂಥ ಬಾಬ್ತಿನ ಖರ್ಚಿಗೆ ಇಂಥದೇ ಬಾಬ್ತಿನ ಹುಟ್ಟುವಳಿ ಎಂದು ಕಟ್ಟಿಡುವ ಪದ್ಧತಿ ನಂಬುವಂಥದ್ದು.

ಟಂಕಸಾಲೆಯ ಖರ್ಚೂ ಹಾಗೆಯೇ. ಬೊಕ್ಕಸದಿಂದ ಅದಕ್ಕೆ ವರ್ಷಕ್ಕಿಷ್ಟು ಎಂದು ಅನುದಾನ ತೆಗೆದಿಡುವುದು ಈಗಿನ ಬಜೆಟ್ಟಿನ ಯೋಚನೆ. ಹಳೆಯ ಕಾಲದಲ್ಲಿ ಅದು ತನ್ನ ಹೊಟ್ಟೆ ತಾನೇ ಹೊರೆಯಬೇಕಿತ್ತು, ಮೇಲೆ ಅರಮನೆಗೂ ಒಂದು ಪಾಲು ಸಲ್ಲಿಸಬೇಕಿತ್ತು. ತಂದ ಲೋಹದಲ್ಲೇ ಕೂಲಿ, ಇದ್ದಿಲು, ಮೂಸೆ (ಲೋಹ ಕರಗಿಸುವ ಪಾತ್ರೆ), ಕರಗಿಸುವಾಗಿನ ನಷ್ಟ, ಅಧಿಕಾರಿಗಳ ಪಾಲು, ರಾಜನ ಪಾಲು ಎಲ್ಲ ಮುರಿದುಕೊಂಡು ಮಿಕ್ಕಿದ್ದನ್ನು ನಾಣ್ಯವಾಗಿ ಕೊಡುತ್ತಿದ್ದರು.

ಈ ಮುರಿತದ ಬಹಳ ಹಳೆಯ ಲಿಖಿತ ದರಪಟ್ಟಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಅವನ ಪ್ರಕಾರ ನಾಣ್ಯದ ಮೇಲೆ ರೂಪಿಕ ಎಂಬ ಟಂಕಿಸುವ ಶುಲ್ಕ ನೂರಕ್ಕೆ ಎಂಟು, ವ್ಯಾಜಿ ಎಂಬ ಹೆಚ್ಚುವರಿ ಪಾಲು ನೂರಕ್ಕೆ ಐದು, ಪರೀಕ್ಷೆಯ ಶುಲ್ಕ ನೂರಕ್ಕೆ ಒಂದರ ಎಂಟನೆಯ ಒಂದು ಭಾಗ. ತಪ್ಪಿ ನಡೆದರೆ 25 ಪಣ ದಂಡ. ಟಂಕಿಸುವವನ ಮೇಲಿನ ಅಧಿಕಾರಿ ಲಕ್ಷಣಾಧ್ಯಕ್ಷ, ಚಲಾವಣೆಗೆ ಬಂದ ನಾಣ್ಯವನ್ನು ಪರೀಕ್ಷಿಸುವವನು ರೂಪದರ್ಶಕ. ಇಬ್ಬರನ್ನು ಬೇರೆಬೇರೆ ಇಟ್ಟದ್ದರಲ್ಲೇ ಆಡಳಿತದ ಮರ್ಮ ಇದೆ. ಮಾಡಿದವನೇ ಚೆನ್ನಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟುಕೊಳ್ಳುವಂತಿಲ್ಲ. ಅವನ ಕಾಲದ ಬೆಳ್ಳಿಯ ಪಣ ಅಪ್ಪಟ ಬೆಳ್ಳಿಯದಲ್ಲ ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ. ಹದಿನಾರು ಪಾಲಿನಲ್ಲಿ ನಾಲ್ಕು ತಾಮ್ರ, ಒಂದು ಕಬ್ಬಿಣವೋ ತವರವೋ ಸೀಸವೋ ಅಂಜನವೋ, ಉಳಿದ ಹನ್ನೊಂದು ಬೆಳ್ಳಿ. ನಿಯಮದಂತೆ ಬೆರೆಸಿದರೆ ಅದು ಹದ, ನಿಯಮ ಮೀರಿದರೆ ಕಳ್ಳತನ. ನಿಮ್ಮ ಮಗಳಿಗೆ ಇದನ್ನೂ ಹೇಳಿ.

ಕೌಟಿಲ್ಯನ ದರ ನಮ್ಮ ದುರ್ಗದಲ್ಲಿ ನಡೆಯುತ್ತಿತ್ತು ಎಂದು ತಿಳಿಯಬೇಡಿ. ಕಾಲಕ್ಕೂ ಸೀಮೆಗೂ ದರ ಬದಲಾಗುತ್ತದೆ. ಲೆಕ್ಕದ ರೀತಿ ಮಾತ್ರ ಎರಡು ಸಾವಿರ ವರ್ಷ ಹೆಚ್ಚುಕಡಿಮೆ ಅದೇ.

ಈಗ ಒಳಗೆ ಹೋಗಿ ನೋಡೋಣ. ಸರಾಫನೊಬ್ಬ ಚಿನ್ನದ ಗಟ್ಟಿ ತಂದಿದ್ದಾನೆ ಎನ್ನಿ. ಮೊದಲ ಕೆಲಸ ಒರೆ. ಕಪ್ಪು ಕಲ್ಲಿನ ಮೇಲೆ ಗಟ್ಟಿಯ ಮೂಲೆಯಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಗೊತ್ತಿರುವ ಬಣ್ಣದ, ಅಂದರೆ ಗೊತ್ತಿರುವ ಶುದ್ಧತೆಯ, ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು ಎರಡನ್ನೂ ಹೋಲಿಸುವುದು. ಒರೆಗಲ್ಲಿನಲ್ಲಿ ಹೆಸರುಕಾಳಿನ ಬಣ್ಣದ್ದು ಶ್ರೇಷ್ಠ ಎಂದು ಕೌಟಿಲ್ಯ. ಮೋಸ ನಡೆಯುವುದೂ ಇಲ್ಲೇ. ಇಂಗಳೀಕವನ್ನೋ ಗೋಮೂತ್ರದಲ್ಲಿ ನೆನೆಸಿದ ಅನ್ನಭೇದಿಯನ್ನೋ ಬೆರಳ ತುದಿಗೆ ಬಳಿದುಕೊಂಡು ಮುಟ್ಟಿದರೆ ಒಳ್ಳೆಯ ಚಿನ್ನವೂ ಬಿಳಿಚಿಕೊಳ್ಳುತ್ತದೆ ಎಂದು ಅವನು ಎಚ್ಚರಿಸುತ್ತಾನೆ. ತಂದವನ ಚಿನ್ನ ಕಡಿಮೆ ಬಣ್ಣದ್ದು ಎಂದು ತೋರಿಸಿ ಕಡಿಮೆ ನಾಣ್ಯ ಕೊಟ್ಟು, ಮಿಕ್ಕಿದ್ದನ್ನು ನುಂಗುವ ಉಪಾಯ. ಆದ್ದರಿಂದ ಒರೆ ಹಚ್ಚುವಾಗ ತಂದವನೂ ಎದುರಿಗೆ ಕೂತಿರುತ್ತಿದ್ದ, ಅವನ ಕಣ್ಣು ಕಲ್ಲಿನ ಮೇಲಲ್ಲ, ಒರೆ ಹಚ್ಚಿ ಪರೀಕ್ಷಿಸುವ ನೋಟಗಾರನ ಬೆರಳ ಮೇಲಿರುತ್ತಿತ್ತು ಎಂದು ನಾನು ಊಹಿಸುತ್ತೇನೆ.

ಆಮೇಲೆ ಮೂಸೆ. ಕರಗಿಸಿ, ಬೇಕಾದ ಬಣ್ಣಕ್ಕೆ ತಂದು, ಗಟ್ಟಿ ಎರೆದು, ಕತ್ತರಿಸಿ, ತೂಗುವುದು. ಸಣ್ಣ ನಾಣ್ಯವಾದರೆ ತೂಗಿದ ಚೂರನ್ನು ಇದ್ದಿಲಿನ ಗುಳಿಯಲ್ಲಿಟ್ಟು ಊದಿದರೆ ಚಿನ್ನ ತಾನಾಗಿ ಗುಂಡಾಗಿ ನಿಲ್ಲುತ್ತದೆ, ಅದನ್ನು ತಟ್ಟಿದರೆ ಬಿಲ್ಲೆ. ಬಿಲ್ಲೆಯನ್ನು ಕೆಳ ಅಚ್ಚಿನ ಮೇಲಿಟ್ಟು, ಮೇಲಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಒಂದೇ ಏಟು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅದಕ್ಕೇ 'ಹಣ' ಎಂಬ ಹಳೆಯ ಪುಟ್ಟ ಚಿನ್ನದ ನಾಣ್ಯದ ಮೇಲೆ ನರಸಿಂಹನ ಮುಖ ಇದ್ದರೆ ಕಾಲಿಲ್ಲ, ಅಕ್ಷರದ ತಲೆ ಇದ್ದರೆ ಒತ್ತಿಲ್ಲ.

ಮೈಸೂರಿನ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಇಟ್ಟು ಹೊರಡಿಸಿದ ಕಂಠೀರವ ಹಣ ಇಂಥದ್ದೇ. ಒಂದು ಬದಿ ನರಸಿಂಹ, ಇನ್ನೊಂದು ಬದಿ ನಾಗರಿಯಲ್ಲಿ ಹೆಸರು. ತೂಕ ಒಂದು ಗ್ರಾಮಿನ ಮೂರನೆಯ ಒಂದು ಭಾಗದಷ್ಟು. ಅಂಗೈಯಲ್ಲಿಟ್ಟುಕೊಂಡು ಜೋರಾಗಿ ಉಸಿರು ಬಿಟ್ಟರೆ ಹುಡುಕಬೇಕಾದೀತು. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ, ಆದರೆ ಆ ವರಹ ಕೈಗೆ ಸಿಗುವ ನಾಣ್ಯವಲ್ಲ, ಲೆಕ್ಕದ ಪುಸ್ತಕದಲ್ಲಷ್ಟೇ ಇದ್ದದ್ದು.

ಖರ್ಚಿನ ಗುಟ್ಟು ಈ ಹಣದಲ್ಲೇ ಇದೆ. ಒಂದು ವರಹ ಮಾಡಲು ಒಮ್ಮೆ ತೂಗಿ ಒಮ್ಮೆ ಹೊಡೆದರೆ ಮುಗಿಯಿತು. ಅಷ್ಟೇ ಚಿನ್ನವನ್ನು ಹಣ ಮಾಡಬೇಕೆಂದರೆ ಹತ್ತು ಸಲ ತೂಗಬೇಕು, ಹತ್ತು ಗುಂಡು ಕರಗಿಸಬೇಕು, ಹತ್ತು ಏಟು ಹೊಡೆಯಬೇಕು. ಬೆಲೆ ಅಷ್ಟೇ, ಕೂಲಿ ಹತ್ತು ಪಟ್ಟು. ತೂಕದ ಕಾಟ ಬೇರೆ. ಒಂದು ಹಣದಲ್ಲಿ ನೂರಕ್ಕೆ ಒಂದು ಪಾಲು ಕಡಿಮೆಯಾದರೆ ಅದು ಹೆಚ್ಚುಕಡಿಮೆ ಒಂದು ಸಾಸಿವೆ ಕಾಳಿನ ತೂಕ. ಯಾವ ರೈತ ಅದನ್ನು ಹಿಡಿದಾನು? ಆದರೆ ಸಾವಿರ ವರಹದ ಚಿನ್ನಕ್ಕೆ ಹತ್ತು ಸಾವಿರ ಹಣ, ಹತ್ತು ಸಾವಿರ ಸಾಸಿವೆ, ಅಂದರೆ ಹತ್ತು ವರಹ. ಟಂಕಸಾಲೆಯ ಯಜಮಾನನ ನ್ಯಾಯವಾದ ಪಾಲನ್ನೇ ಸರಿಗಟ್ಟುವಷ್ಟು ಮೊತ್ತ, ಯಾರ ಕಣ್ಣಿಗೂ ಬೀಳದೆ.

ಅದಕ್ಕೇ ಕಾವಲು ಅಷ್ಟು ಬಿಗಿ. ಅರ್ಥಶಾಸ್ತ್ರದಲ್ಲಿ ಚಿನ್ನದ ಕೆಲಸದ ಅಕ್ಷಶಾಲೆಗೆ ನಾಲ್ಕು ಅಂಕಣ ಇರಬಹುದು, ಬಾಗಿಲು ಮಾತ್ರ ಒಂದೇ. ನೇಮಕವಿಲ್ಲದವನು ಒಳಗೆ ಕಾಲಿಡಬಾರದು, ಇಟ್ಟರೆ ಪ್ರಾಣಕ್ಕೇ ಸಂಚಕಾರ. ಕೆಲಸಗಾರರ ಬಟ್ಟೆ, ಕೈ ಎಲ್ಲ ಹೋಗುವಾಗ ಬರುವಾಗ ತಪಾಸಣೆ. ಚಿತ್ರದುರ್ಗದಲ್ಲಿ ಟಂಕಸಾಲೆಯನ್ನು ಪೇಟೆಯಲ್ಲಿಡದೆ ಸುತ್ತಿನ ಮೇಲೆ ಸುತ್ತು ದಾಟಿ ಕೋಟೆಯ ಒಳಗಿಟ್ಟದ್ದಕ್ಕೆ ಶತ್ರುವಿನ ಭಯ ಒಂದು ಕಾರಣವಾದರೆ, ಒಳಗಿನವರ ಭಯ ಇನ್ನೊಂದು. ಕೆಲಸ ಮುಗಿದ ಮೇಲೆ ನೆಲದ ಕಸ, ಕುಲುಮೆಯ ಬೂದಿಯನ್ನೂ ಯಾರೂ ಹೊರಗೆ ಚೆಲ್ಲುತ್ತಿರಲಿಲ್ಲ. ಆ ಬೂದಿ ತೊಳೆದು ಚಿನ್ನದ ಪುಡಿ ತೆಗೆಯುವವರೇ ಬೇರೆ, ಜಾಲಗಾರರು. ಇವತ್ತಿಗೂ ಬಂಗಾರದ ಕೆಲಸದವರ ಅಂಗಡಿಯ ಕಸಕ್ಕೆ ಬೆಲೆ ಕಟ್ಟಿ ಕೊಂಡುಹೋಗುವವರಿದ್ದಾರೆ.

ಇನ್ನು ಲಾಭ. ಚಿನ್ನದ ನಾಣ್ಯದಲ್ಲಿ ಮರ್ಯಾದೆ ಜಾಸ್ತಿ, ಲಾಭ ಕಡಿಮೆ. ಯಾಕೆಂದರೆ ಚಿನ್ನ ತರುವವನಿಗೆ ಬೇರೆ ದಾರಿಗಳಿವೆ. ಲೆಕ್ಕಕ್ಕೆಂದು ಹಿಡಿಯಿರಿ, ಪೇಟೆಯಲ್ಲಿ ಮುದ್ರೆ ಬಿದ್ದ ವರಹಕ್ಕೆ ಗಟ್ಟಿ ಚಿನ್ನಕ್ಕಿಂತ ನೂರಕ್ಕೆ ಮೂರು ಹೆಚ್ಚು ಬೆಲೆ ಇದೆ. ಟಂಕಸಾಲೆ ಎರಡು ಮುರಿದುಕೊಂಡರೆ ಸರಾಫ ಬರುತ್ತಾನೆ, ನಾಲ್ಕು ಮುರಿದುಕೊಂಡರೆ ಮುಂದಿನ ಊರಿನ ಟಂಕಸಾಲೆಗೆ ಹೋಗುತ್ತಾನೆ. ಇಲ್ಲವೇ ಗಟ್ಟಿಯನ್ನೇ ಒಡವೆ ಮಾಡುವವರಿಗೆ ಮಾರುತ್ತಾನೆ. ಕಾಯಿಸುವುದೂ ಒಂದು ಬಗೆಯ ಮುರಿತವೇ. ಸೂರತ್ತಿನ ಮೊಘಲ್ ಟಂಕಸಾಲೆಯಲ್ಲಿ ಹಡಗು ಬಂದ ಕಾಲಕ್ಕೆ ಬೆಳ್ಳಿಯ ರಾಶಿ ಬಿದ್ದು, ಸರದಿ ಬರುವ ತನಕ ವ್ಯಾಪಾರಿಗಳು ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಅಷ್ಟು ದಿನದ ಬಡ್ಡಿ ಯಾರು ಕೊಡಬೇಕು? ಅವಸರದವರು ನಷ್ಟ ಮಾಡಿಕೊಂಡೇ ಸರಾಫನಿಗೆ ಮಾರುತ್ತಿದ್ದರು.

ನಿಜವಾದ ಲಾಭ ತಾಮ್ರದಲ್ಲಿತ್ತು. ತಾಮ್ರದ ಕಾಸಿಗೆ ಪೇಟೆಯಲ್ಲಿ ನಡೆಯುವ ಬೆಲೆ ಅದರೊಳಗಿನ ಲೋಹದ ಬೆಲೆಗಿಂತ ಮೇಲಿರುತ್ತಿತ್ತು, ಉಪ್ಪು ಮೆಣಸಿನಕಾಯಿ ಕೊಳ್ಳುವವನು ಅದನ್ನು ಒರೆಗೆ ಹಚ್ಚುವುದಿಲ್ಲ. ಆದರೆ ಭಾರ. ಒಂದು ವರಹದಷ್ಟು ಬೆಲೆಯ ಕಾಸನ್ನು ಹೊರುವುದೇ ಒಂದು ಕೆಲಸ. ಆದ್ದರಿಂದ ತಾಮ್ರದ ಟಂಕಸಾಲೆಗಳು ಊರೂರಿಗೆ ಬೇಕಾದವು. ದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಅದಿರಿದೆ, ಹಿಂದಿನವರು ಅಗೆದ ಗುರುತುಗಳೂ ಇವೆ. ಆದರೂ 18ನೆಯ ಶತಮಾನದಲ್ಲಿ ದಕ್ಷಿಣದ ಟಂಕಸಾಲೆಗಳಿಗೆ ಡಚ್ಚರ ಹಡಗಿನಲ್ಲಿ ಜಪಾನಿನ ತಾಮ್ರ ಬರುತ್ತಿದ್ದ ಕಾಲ ಅದು.

ಇಲ್ಲಿಗೆ ಮಗಳ ಪ್ರಶ್ನೆಯ ಎರಡನೆಯ ಅರ್ಧ. ಚಿನ್ನ ಸಾಲದಿದ್ದರೆ ತಾಮ್ರ ಬೆರೆಸಿ ಹೆಚ್ಚು ನಾಣ್ಯ ಮಾಡಬಹುದಿತ್ತಲ್ಲ? ಮಾಡಿದವರಿದ್ದಾರೆ. ಮೊದಲ ಸಲ ಲಾಭವೂ ಆಗುತ್ತದೆ, ಆ ನಾಣ್ಯದಲ್ಲಿ ಸಂಬಳ ಪಡೆದ ಸೈನಿಕ ಪೇಟೆಗೆ ಹೋಗುವ ತನಕ. ಪೇಟೆಯಲ್ಲಿ ಸರಾಫ ಒಂದು ಗೆರೆ ಎಳೆದು ವಟ್ಟ ಹಾಕುತ್ತಾನೆ, ಅಂದರೆ ಬೆಲೆಯಲ್ಲಿ ಒಂದಿಷ್ಟು ಮುರಿಯುತ್ತಾನೆ. ವಾರ ಕಳೆಯುವುದರೊಳಗೆ ಸುತ್ತಲ ಪೇಟೆಗಳಲ್ಲೆಲ್ಲ ಅದೇ ವಟ್ಟ. ಒಳ್ಳೆಯ ಹಳೆಯ ನಾಣ್ಯ ಮನೆಗಳ ಗಡಿಗೆಯಲ್ಲಿ ಅಡಗುತ್ತದೆ, ಬೆರಕೆಯದು ಓಡಾಡುತ್ತದೆ. ಸುಗ್ಗಿ ಮುಗಿದ ಮೇಲೆ ಕಂದಾಯ ಕಟ್ಟಲು ಜನ ತರುವುದು ಯಾವುದನ್ನು? ಆ ಬೆರಕೆ ನಾಣ್ಯವನ್ನೇ. ರಾಜ ಹೊರಡಿಸಿದ ಕೆಟ್ಟ ನಾಣ್ಯಕ್ಕೆ ಕೊನೆಯ ಗಿರಾಕಿ ರಾಜನೇ.

ಇದರಿಂದ ತಪ್ಪಿಸಿಕೊಳ್ಳಲು ಆಡಳಿತಗಳು ಕಂಡುಕೊಂಡ ದಾರಿ ನನಗೆ ಅಷ್ಟು ಹಿಡಿಸುವುದಿಲ್ಲ, ಆದರೂ ಹೇಳಬೇಕು. ಕಂದಾಯದ ಕಚೇರಿಯಲ್ಲಿ ಇಂಥದೇ ನಾಣ್ಯ ಬೇಕು, ಬೇರೆ ನಾಣ್ಯವಾದರೆ, ಸವೆದಿದ್ದರೆ, ಮೇಲೆ ವಟ್ಟ ಸೇರಿಸಿ ಕೊಡಬೇಕು ಎಂದು ಕಟ್ಟಳೆ ಮಾಡಿದರು. ಹತ್ತು ಹಣದ ಕಂದಾಯಕ್ಕೆ ರೈತ ಹತ್ತೂವರೆ ಕೊಡುತ್ತಾನೆ ಎನ್ನಿ. ಆ ಅರ್ಧ ಹಣದಲ್ಲಿ ಸವೆದದ್ದನ್ನು ಮತ್ತೆ ಕರಗಿಸುವ ಖರ್ಚು ಹುಟ್ಟಿತು, ನೋಟಗಾರನ ಪಾಲು ಹುಟ್ಟಿತು, ಒಮ್ಮೊಮ್ಮೆ ಕಚೇರಿಯವನ ಪಾಲೂ. ಈಗ ಹರಿದ ನೋಟು ತಂದವರಿಗೆ ನಿಮ್ಮ ಬ್ಯಾಂಕು ನಿಯಮದಂತೆ ಬದಲಿ ಕೊಡುತ್ತದೆ, ಹಳೆಯ ನೋಟು ಚೂರು ಮಾಡಿ ಹೊಸದು ಅಚ್ಚು ಹಾಕುವ ವೆಚ್ಚ ರಿಸರ್ವ್ ಬ್ಯಾಂಕಿನದು. ಅಂದು ನಾಣ್ಯ ನೂರು ಕೈಯಲ್ಲಿ ಸವೆದರೂ ಸವಕಲಿನ ನಷ್ಟ ಕೊನೆಯಲ್ಲಿ ಅದನ್ನು ಹಿಡಿದವನದು. ತಕ್ಕಡಿಯೂ ಒರೆಗಲ್ಲೂ ಇಲ್ಲದವನೇ ಸಾಮಾನ್ಯವಾಗಿ ಆ ಕೊನೆಯವನು. ಟಂಕಸಾಲೆಯ ಖರ್ಚು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದಿರಲ್ಲ, ಪುಸ್ತಕದಲ್ಲಿ ಅದು ಸರಾಫನ ಮುರಿತ, ಹೊಲದಲ್ಲಿ ಅದು ರೈತನ ವಟ್ಟ.

ನಾಣ್ಯದ ಮೇಲಿನ ಚಿತ್ರಕ್ಕೂ ಈ ಲೆಕ್ಕಕ್ಕೂ ಸಂಬಂಧ ಇದೆ. ಹೊಯ್ಸಳ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ "ಶ್ರೀ ನೊಣಂಬವಾಡಿಗೊಂಡ" ಎಂದು ಬರೆಸಿದ. ನೊಣಂಬವಾಡಿ ಎಂದರೆ ನಮ್ಮದೇ ಸೀಮೆ, ಅದನ್ನು ಗೆದ್ದೆ ಎಂದು ಕೈಯಿಂದ ಕೈಗೆ ಸಾರಿದ ಹಾಗಾಯಿತು. ಹೈದರ್ ಅಲಿ ಹಾಗೆ ಮಾಡಲಿಲ್ಲ. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು ಗೆದ್ದಾಗ ಅವರ ಇಕ್ಕೇರಿ ವರಹದ ಮೇಲಿನ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂದಿನ ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಪರ್ಷಿಯನ್ನಿನಲ್ಲಿ ಹಾಕಿಸಿದ. ಅದೇ ಬಹಾದ್ದೂರಿ ವರಹ. ಇದನ್ನು ಬರೀ ಔದಾರ್ಯ ಎನ್ನುವವರಿದ್ದಾರೆ. ನನಗೆ ಅದರಲ್ಲಿ ಜಾಣ ಲೆಕ್ಕಿಗನೂ ಕಾಣುತ್ತಾನೆ. ಪೇಟೆ ನಂಬಿದ ಮುಖವನ್ನು ಬದಲಿಸಿದರೆ ಮೊದಲ ದಿನವೇ ವಟ್ಟ ಬೀಳುತ್ತದೆ. 1799ರ ನಂತರ ದಿವಾನ್ ಪೂರ್ಣಯ್ಯ ಮತ್ತೆ ಹಳೆಯ ಕಂಠೀರವ ಹಣದ ಮಾದರಿಯನ್ನೇ ಹೊರಡಿಸಿದ್ದರ ಹಿಂದೆಯೂ ಇಂಥದೇ ಯೋಚನೆ.

ಆಡಳಿತದಲ್ಲಿ ಎರಡು ದಾರಿಗಳಿದ್ದವು, ಸರ್ಕಾರವೇ ನಡೆಸುವುದು, ಇಲ್ಲವೇ ಗುತ್ತಿಗೆ ಕೊಡುವುದು. ಗುತ್ತಿಗೆಯ ಫಲ ಏನು ಎಂದು ನೋಡಬೇಕಾದರೆ 18ನೆಯ ಶತಮಾನದ ಧಾರವಾಡ ಸೀಮೆ ಸಾಕು. ಅಲ್ಲಿ ಖಾಸಗಿ ಟಂಕಸಾಲೆಗಳು ಹೆಚ್ಚಿ, ಒಂದಕ್ಕಿಂತ ಒಂದು ಹಗುರ ನಾಣ್ಯ ಹೊರಡಿಸಿ, ಕೊನೆಗೆ ಪೇಶ್ವೆ ಸರ್ಕಾರ ಅವನ್ನೆಲ್ಲ ಮುಚ್ಚಿಸಿ ಧಾರವಾಡದಲ್ಲಿ ತನ್ನದೇ ಟಂಕಸಾಲೆ ಇಟ್ಟಿತು. ಲೋಹ ತರುವವರನ್ನು ಸೆಳೆಯಲು ಇಂಗ್ಲೆಂಡಿನವರು ಹಿಡಿದ ದಾರಿ ವಿಚಿತ್ರವಾದದ್ದು. 1666ರ ಕಾಯ್ದೆಯಿಂದ ಅವರು ಟಂಕಿಸುವ ಶುಲ್ಕವನ್ನೇ ತೆಗೆದುಹಾಕಿದರು. ಯಾರು ಎಷ್ಟು ಲೋಹ ತಂದರೂ ಅಷ್ಟೇ ತೂಕದ ನಾಣ್ಯ ಪುಕ್ಕಟೆ. ಖರ್ಚಿಗೆ ಹೊರಗಿನಿಂದ ಬರುವ ದ್ರಾಕ್ಷಾರಸ, ಬ್ರಾಂದಿಗಳ ಮೇಲೆ ಸುಂಕ. ಲಂಡನ್ನಿನ ಟಂಕಸಾಲೆಯನ್ನು ಕುಡಿಯುವವರು ಸಾಕಿದರು ಎಂದರೆ ತಪ್ಪಾಗದು. 1699ರಿಂದ ಅಲ್ಲಿನ ಮುಖ್ಯಸ್ಥ ಐಸಾಕ್ ನ್ಯೂಟನ್, ವರ್ಷಕ್ಕೆ 500 ಪೌಂಡ್ ಸಂಬಳ, ಅದರ ಮೇಲೆ ಟಂಕಿಸಿದ ತೂಕಕ್ಕೆ ಇಷ್ಟು ಎಂದು ಪಾಲು. ಅಲ್ಲೂ ಮಾಡುವವನೇ ಬೇರೆ, ಪರೀಕ್ಷಿಸುವವನೇ ಬೇರೆ. ಹೊಸ ನಾಣ್ಯಗಳಲ್ಲಿ ಕೆಲವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಹೊರಗಿನ ಅಕ್ಕಸಾಲಿಗರ ಪಂಚಾಯಿತಿ ಎದುರು ಕರಗಿಸಿ ನೋಡುತ್ತಿದ್ದರು.

ದುರ್ಗಕ್ಕೆ ಬರೋಣ. 1568ರಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಶುರುವಾದ ಆಳ್ವಿಕೆ 1779ರಲ್ಲಿ ಹೈದರನ ಕೈಯಲ್ಲಿ ಮದಕರಿ ನಾಯಕ ಸೋತಾಗ ಮುಗಿಯಿತು. ದುರ್ಗಿ ವರಹ ಎಂಬ ಹೆಸರು ಹಳೆಯ ನಾಣ್ಯಪಟ್ಟಿಗಳಲ್ಲಿ ಕಾಣುತ್ತದೆ. ಆದರೆ ನಿಮ್ಮ ಕೈಗೆ ಸುಲಭವಾಗಿ ಸಿಗಬಹುದಾದ ದುರ್ಗದ ನಾಣ್ಯ ಟಿಪ್ಪುವಿನ ಕಾಲದ್ದು. ಅವನು ದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂದು ಹೆಸರಿಟ್ಟು, ಆ ಹೆಸರಿನಲ್ಲೇ ಇಲ್ಲಿ ತಾಮ್ರದ ಕಾಸು ಅಚ್ಚು ಹಾಕಿಸಿದ. ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಬೆಂಗಳೂರು, ಗುತ್ತಿ, ಧಾರವಾಡ, ಕಲ್ಲಿಕೋಟೆ ಹೀಗೆ ಅವನ ಟಂಕಸಾಲೆಗಳು ಹರಡಿದ್ದವು. ಹೆಸರು, ತೂಕ, ಮುದ್ರೆ, ವರ್ಷ ಎಲ್ಲ ಶ್ರೀರಂಗಪಟ್ಟಣದ ಅಪ್ಪಣೆಯಂತೆ. ವರಹ ಫಾರೂಕಿ, ರೂಪಾಯಿ ಇಮಾಮಿ, ಹಣ ರಾಹತಿ. ತಾಮ್ರದ ಕಾಸುಗಳಿಗೆ ಗ್ರಹ ನಕ್ಷತ್ರಗಳ ಹೆಸರು: ಜೊಹ್ರಾ ಎಂದರೆ ಶುಕ್ರ, ಬಹರಾಮ್ ಎಂದರೆ ಮಂಗಳ, ಕುತ್ಬ್ ಎಂದರೆ ಧ್ರುವ. ಇಷ್ಟು ಬಿಗಿಯಾದ ಟಂಕಸಾಲೆ ಆಡಳಿತ ನಮ್ಮ ಸೀಮೆ ಅದಕ್ಕೆ ಮೊದಲು ಕಂಡಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಯುದ್ಧ ಸೋತು ಇಂಗ್ಲಿಷರು ಮತ್ತು ಅವರ ಮಿತ್ರರ ಜೊತೆ ಮಾಡಿಕೊಂಡ 1792ರ ಒಪ್ಪಂದದಲ್ಲಿ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರಬೇಕಾಗಿ ಬಂದಾಗ ಈ ಬಿಗಿ ಏನೂ ಮಾಡಲಿಲ್ಲ. ನಿಮ್ಮ ಮಗಳಿಗೆ ಇದೊಂದು ಉದಾಹರಣೆ ಸಾಕು. ಹತ್ತಕ್ಕೂ ಮೇಲೆ ಟಂಕಸಾಲೆ ಇದ್ದ ದೊರೆ, ದಂಡದ ಹಣ ತೀರುವ ತನಕ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ.

ಮೈಸೂರಿನ ಟಂಕಸಾಲೆ ಆಮೇಲೆ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. 1835ರಿಂದ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿ ಒಂದೇ ತೂಕದಲ್ಲಿ, ಯಂತ್ರದ ಅಚ್ಚಿನಲ್ಲಿ ಬರತೊಡಗಿದಾಗ ಅದರ ಜೊತೆ ಕೈಯಚ್ಚು ಪೈಪೋಟಿ ನಡೆಸುವುದು ಆಗದ ಮಾತು.

ಇನ್ನೊಂದು ಮಾತು ಹೇಳದೆ ಬಿಡಲಾರೆ. ಟಂಕಸಾಲೆ ಎಂದ ಕೂಡಲೇ ನಿಧಿ ಎಂದು ಗುದ್ದಲಿ ಹಿಡಿಯುವವರು ಹುಟ್ಟಿಕೊಳ್ಳುತ್ತಾರೆ. ಮೇಲೆ ಹೇಳಿದ್ದನ್ನು ಓದಿದರೆ ಗೊತ್ತಾಗುತ್ತದೆ, ಚಿನ್ನ ನಿಲ್ಲುವ ಜಾಗ ಟಂಕಸಾಲೆಯಲ್ಲ. ಒಳಗೆ ಬಂದದ್ದು ಎಷ್ಟು ಬೇಗ ಹೊರಗೆ ಹೋಗುತ್ತದೋ ಅಷ್ಟು ಲಾಭ. ಆ ಮಣ್ಣಿನ ಗೋಡೆ ಕೆರೆದರೆ ಸಿಗುವುದು ಮಣ್ಣು, ಮೇಲೆ ಸ್ಮಾರಕ ಕೆಡಿಸಿದ ಕೇಸು.

ಕೊನೆಗೆ ನಿಮ್ಮ ಅಜ್ಜಿಯ ನಾಣ್ಯ. ಆನೆ ಇದೆ ಎಂದ ಮಾತ್ರಕ್ಕೆ ದುರ್ಗದ್ದು ಎನ್ನಲಾಗದು. ಮೈಸೂರು ಸೀಮೆಯಲ್ಲಿ ಎಲ್ಲರೂ ಆನೆಯನ್ನೇ ಹಾಕಿಸಿದ್ದಾರೆ. ತಿರುಗಿಸಿ ನೋಡಿ. ಹಿಂಬದಿಯಲ್ಲಿ ಅಡ್ಡಗೀಟು ಉದ್ದಗೀಟುಗಳ ಚೌಕುಳಿ ಮಾತ್ರ ಇದ್ದರೆ ಅದು ಹಳೆಯ ಮೈಸೂರು ಕಾಸು. ಕನ್ನಡದಲ್ಲಿ "ಮಯಿಲಿ ಕಾಸು" ಎಂದೂ, ಜೊತೆಗೆ ಇಂಗ್ಲಿಷ್ ಅಕ್ಷರಗಳೂ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಬರೀ ಪರ್ಷಿಯನ್ ಬರಹವಿದ್ದರೆ ಟಿಪ್ಪುವಿನದಿರಬಹುದು. ಅವನು ಬಳಸಿದ ಮೌಲೂದಿ ಶಕೆಯ (ಪ್ರವಾದಿಯ ಹುಟ್ಟಿನಿಂದ ಎಣಿಸುವ) ವರ್ಷದ ಅಂಕಿಗಳು ಬಲದಿಂದ ಎಡಕ್ಕೆ ಓದುವಂತೆ ಬರೆದಿರುತ್ತವೆ, ಆದ್ದರಿಂದ 1216 ಎಂಬುದು ನಮ್ಮ ಕಣ್ಣಿಗೆ 6121 ಎಂದು ಕಂಡೀತು. ಆ ಬರಹದಲ್ಲಿ ಫರ್ರುಖ್‌ಯಾಬ್ ಹಿಸಾರ್ ಎಂಬ ಹೆಸರು ಇದ್ದರೆ ಮಾತ್ರ ದುರ್ಗದ್ದು. ಒಂದು ಪೈಸೆಯಾದರೆ ಸುಮಾರು 11 ಗ್ರಾಂ ತೂಗಬೇಕು. ಪರಿಚಯದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ.

ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಎರಡೂ ಬದಿಯ ಫೋಟೋವನ್ನು ಓರೆ ಬೆಳಕಿನಲ್ಲಿ ತೆಗೆದು, ತೂಕದ ಜೊತೆ ಕಳಿಸಿದರೆ ಊರಿನ ಹೆಸರು ಓದಿ ಹೇಳುತ್ತೇನೆ.